ಪಾಯಸಕ್ಕೆ ಎತ್ತಿದ ಕೈಗಳು

"ಹಲ್ಕಟ್ ಮುಂಡೆ, ಸೌಟ್ ಮುಟ್ಟಿದ್ಯಾ? ಕೈ ಮುರೀತೆ ಕಾಣ್!"

ದೂರದ ಬಂಗಾಳದ ಬಾಲಿಗಂಜಿನ ಉಡುಪಿ ಹೋಟೆಲಿನಲ್ಲಿ ಎಂಜಲು ಪಾತ್ರೆ ತಿಕ್ಕುವ ಅಹಲ್ಯಾಳಿಗೆ ಧಣಿ ಮಧ್ವರಾಜ ದಿನವೂ ಎತ್ತುತ್ತಿದ್ದ ಮಂಗಳಾರತಿ ಇದು. ಊರಿಂದ ಅವಳನ್ನು ಕರೆತಂದವನೂ ಅವನೇ, ಅವಳ ಜಾತಿ ಮರೆಯದಂತೆ ನೋಡಿಕೊಂಡವನೂ ಅವನೇ.

ಅಂಥವನು ಆ ಭಾನುವಾರ ಬೆಣ್ಣೆ ಹಚ್ಚಿ ಮಾತಾಡಿದ. "ಅಹಲ್ಯಾ, ನಿಮ್ಮ ಬಸ್ತಿ ಜಾಗದಲ್ ದೊಡ್ಡ ಕಟ್ಟಡ ಬತ್ತ್. ನಿಮ್ಗೆಲ್ಲ ಅಲ್ಲೇ ಪಕ್ಕಾ ಮನೆ ಕೊಡಸ್ತೆ. ಎಲ್ಲರನ್ನೂ ಊಟಕ್ ಕರ್ಕಂಡ್ ಬಾ. ಇವತ್ತ್ ಸೌಟ್ ನೀನೇ ಹಿಡಿ."

ಸೌಟು! ಅಹಲ್ಯಾ ಉಬ್ಬಿಹೋದಳು. ರೈಲು ಹಳಿ ಪಕ್ಕದ ಬಸ್ತಿಯಲ್ಲಿ, ತಾನಿದ್ದ ಆ ಕೊಳೆಗೇರಿಯಲ್ಲಿ, ಮನೆಮನೆಗೂ ಹೋಗಿ ಕರೆದಳು. ಕಟ್ಟಡವೇ ಬೇಡವೆಂದು ಮೊದಲಿಂದ ಜಗಳಕ್ಕೆ ನಿಂತಿದ್ದ ಬಸ್ತಿಗೆಲ್ಲ ಚಿಕ್ಕಮ್ಮನಂತಿದ್ದ ಮುದುಕಿ ಮಿನತಿ ಮಾಶಿಯನ್ನೂ, "ನಮ್ಮೂರಿನವರು, ಮೋಸ ಮಾಡಲ್ಲ ಮಾಶಿ" ಎಂದು ಕೈಹಿಡಿದು ಎಳೆತಂದಳು.

ಪಂಕ್ತಿಗೆ ಪಾಯಸ ಬಡಿಸಿದ್ದಾಯಿತು. "ಇನ್ನೂ ಬೇಕಾದವರು ಕೈ ಎತ್ತಿ!" ಎಂದು ಅವಳಿಂದ ಬಂಗಾಳಿಯಲ್ಲಿ ಕೂಗಿಸಿದವನು ಮಧ್ವರಾಜನೇ. ಎಲ್ಲರೂ ನಗುನಗುತ್ತಾ ಕೈ ಎತ್ತಿದರು. ಬಿಲ್ಡರನ ಕಡೆಯ ಋಷಿಕೇಶ್ ವಿಡಿಯೋ ಹಿಡಿದ. ಪಾಪ, ಅವಳಿಗೇನು ಗೊತ್ತು!

ಅವಳ ಕೂಗು ಅಳಿಸಿ, ಹಾಡು ಸೇರಿಸಿದ ಆ ವಿಡಿಯೋ ಎಲ್ಲರ ಫೋನಿಗೂ ಬಂತು. ಬಸ್ತಿಯವರೆಲ್ಲ ಕೈ ಎತ್ತಿ ಕಟ್ಟಡಕ್ಕೆ ಒಪ್ಪಿದ್ದಾರಂತೆ! ಅದರ ಹಿಂದೆಯೇ ಪೊಲೀಸರು, ಜೆಸಿಬಿ. ಮಾಶಿಯ ಮನೆ ಮೊದಲು ಉರುಳಿತು, ಅಹಲ್ಯಾಳದು ಆಮೇಲೆ. ಮಾಶಿ ಅವಳ ಮುಖಕ್ಕೆ ಉಗಿದಳು. ಒರೆಸಿಕೊಳ್ಳಲೂ ಅಹಲ್ಯಾಳಿಗೆ ನಾಚಿಕೆಯಾಯಿತು.

ಹೋಟೆಲಿಗೆ ಓಡಿದಳು. "ಧಣೀ, ಮನೆ ಕೊಡಸ್ತೆ ಅಂದಿದ್ರಿ."

"ಯಾವ್ ಮನೆಯೇ? ಹೊಸ ಕಟ್ಟಡದಲ್ ಹೋಟೆಲಿಗ್ ನಂಗೆ ಜಾಗ ಸಿಕ್ತ್. ಅಲ್ಲೂ ಪಾತ್ರೆ ನೀನೇ ತಿಕ್ಕು, ಸಾಕಲ್ದಾ? ನಡಿ."

ನಂಬಿಸಿ ಕುತ್ತಿಗೆ ಕೊಯ್ದನಲ್ಲ! ತಿರುಗಿ ಬಂದು ಮಾಶಿಯ ಮುಂದೆ ಕೂತಳು. "ಬೇಕಾದ್ರೆ ಹೊಡಿ ಮಾಶಿ. ಆದ್ರೆ ಎಲ್ಲರನ್ನೂ ಎಬ್ಬಿಸು, ನನ್ನ ಜೊತೆ ಬಾ."

ಮಧ್ಯಾಹ್ನದ ಊಟದ ಹೊತ್ತು. ಆಫೀಸಿನವರು ಕಿಕ್ಕಿರಿದಿದ್ದ ಹೋಟೆಲಿಗೆ ಮುಂಬಾಗಿಲಿಂದಲೇ ಇಡೀ ಬಸ್ತಿ ನುಗ್ಗಿತು. ಟ್ರಂಕು, ಹಾಸಿಗೆ, ಕೆಮ್ಮುವ ಮುದುಕರು, ಮಾಶಿಯ ಮೇಕೆ. ಉಣ್ಣುತ್ತಿದ್ದವರು ತಟ್ಟೆ ಹಿಡಿದು ಗೋಡೆಗೆ ಸರಿದರು. ಅಹಲ್ಯಾ ಮೇಜುಗಳನ್ನು ತಳ್ಳಿ ಚಾಪೆ ಬಿಚ್ಚಿದಳು, ಸ್ಟವ್ ಇಟ್ಟಳು, ಹೊತ್ತಿಸಿದಳು.

ಮಧ್ವರಾಜ ಗಲ್ಲಾ ಬಿಟ್ಟು ಓಡಿಬಂದ. "ಎಂತದೇ ಇದ್, ರಂಡೆ!"

ಅಹಲ್ಯಾ ತಲೆ ಎತ್ತಲಿಲ್ಲ. "ಚಪ್ಪಲಿ ಹೊರಗ್ ಬಿಟ್ ಬನ್ನಿ ಧಣೀ. ಮನೆ ಒಳ್ಗ್ ಬಂದಿರಿ."