ಜಯಮಾಲಾಳ ಹೊಟ್ಟೆಯಲ್ಲಿ ಮದ್ದಿರಲಿಲ್ಲ

ನನ್ನ ತಂಗಿಗೆ ಯಾರೋ ಮದ್ದು ಹಾಕಿದ್ದಾರಂತೆ! ಊಟದಲ್ಲಿ ಕಲಸಿ ಕೊಟ್ಟದ್ದು ಹೊಟ್ಟೆಯಲ್ಲಿ ಕೂತಿದೆಯಂತೆ, ವಾಂತಿ ಮಾಡಿಸಿ ತೆಗೆಯಬೇಕಂತೆ. ನಮ್ಮೂರು ಹೊರ್ತಿಯ ಅರ್ಧ ಮಂದಿ ಹೀಗೇ ನಂಬಿದ್ದರು, ಎಲ್ಲರಿಗಿಂತ ಮೊದಲು ನಮ್ಮವ್ವ ಚನ್ನವ್ವ.

ಜಯಮಾಲಾ ಮೂರು ಮಂದಿಯ ರೊಟ್ಟಿ ಒಬ್ಬಳೇ ತಿಂದು, ಹಿತ್ತಲಿಗೆ ಹೋಗಿ ಕಕ್ಕುತ್ತಿದ್ದಳು. ಹೆಣ್ಣು ನೋಡಲು ಬಂದ ಸಿಂದಗಿಯವರು ನಮ್ಮನೆಯ ಉಪ್ಪಿಟ್ಟು ಬಾರಿಸಿ, "ಹುಡುಗಿ ಭಾಳ ದಪ್ಪ ಆತ್ರಿ" ಎಂದು ಎದ್ದು ಹೋದ ಮೇಲೆ ಇದು ಶುರುವಾದದ್ದು. ಅವರ ಹೊಟ್ಟೆ ಮಾತ್ರ ಯಾರೂ ನೋಡಲಿಲ್ಲ.

ಇಂಡಿ ಊರಿನ ಡಾಕ್ಟರ್ "ಹಸಿವಿಲ್ಲ" ಅಂತ ಟಾನಿಕ್ ಬರೆದ. ಹಸಿವಿಲ್ಲ ಅಂತ ಅವನಿಗೆ ಯಾರು ಹೇಳಿದರು? ವಿಜಾಪುರದ ಡಾಕ್ಟರಮ್ಮ ಮಾತ್ರ ಅವಳ ಬೆರಳ ಗೆಣ್ಣಿನ ಗಾಯ ನೋಡಿ, ಬಾಗಿಲು ಹಾಕಿ ಅವಳೊಬ್ಬಳನ್ನೇ ಮಾತಾಡಿಸಿ ಹೊರಗೆ ಬಂದರು.

"ಊಟಾನ ಬಿಟ್ಟು ಎಲುಬಾಗೂ ಬ್ಯಾನಿ ಬ್ಯಾರೆ. ಬರೇ ತಿಂದ ತಿನ್ನೂದು ಬ್ಯಾರೆ. ಇಕಿ ತಿಂತಾಳ, ದಪ್ಪ ಆಗ್ತೇನಿ ಅಂತ ಅಂಜಿ ಬೆರಳ ಹಾಕಿ ತಗೀತಾಳ. ಮೈ ಇಳಿಯೂದಿಲ್ಲ, ಅದಕ್ಕ ನಿಮಗ ತಿಳಿದಿಲ್ಲ. ಹಿಂಗ ಕಕ್ಕಿದ್ರ ಎದಿ ನಿಂತೀತು. ವಾರಕ್ಕೊಮ್ಮಿ ಕರ್ಕೊಂಡ ಬರ್ರಿ."

ಏಳನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ತಿಳಿಯಿತು. ಅವ್ವನಿಗೆ ತಿಳಿಯಲಿಲ್ಲ. ನಾನಿಲ್ಲದ ಹೊತ್ತು ನೋಡಿ ತಂಗಿಯನ್ನು ಇಂಗಳೇಶ್ವರದ ಕಡೆ, ಮದ್ದು ತೆಗೆಯುವ ಮಾಳಿಂಗಪ್ಪನ ಹತ್ತಿರ ಒಯ್ದಳು. ಸುದ್ದಿ ತಿಳಿದದ್ದೇ ಗೆಳೆಯನ ಬೈಕ್ ತಗೊಂಡು ಬೆನ್ನು ಹತ್ತಿದೆ.

ಮಾಳಿಂಗಪ್ಪ ಸೊಪ್ಪಿನ ರಸದ ಲೋಟ ಅವಳ ಬಾಯಿಗೆ ಹಿಡಿದಿದ್ದ. ಮುಂದೆ ಬಕೆಟ್ಟು.

"ಲೋಟ ಕೆಳಗಿಡೋ! ಸಾಯ್ತಾಳ ಅಕಿ!"

"ಮದ್ದ ಐತೋ ತಮ್ಮಾ. ಕಕ್ಕಿದ್ರ ಹೋಗ್ತೈತಿ."

"ದಿನಾ ಕಕ್ಕಾಕತ್ತಾಳಲ್ಲೋ ಮಾರಾಯಾ! ಇನ್ನೂ ಯಾಕ ಹೋಗಿಲ್ಲ?"

ಅವ್ವ ನನ್ನ ಮೇಲೇ ಏರಿ ಬಂದಳು. "ಸಾಲಿ ಕಲೀಲಾರದಂವಾ, ನನಗ ಹೇಳಾಕ ಬಂದಿ? ನಿಮ್ಮ ಸಣ್ಣವ್ವ ಮರೆವ್ವಾನ ಮದ್ದ ಹಾಕ್ಯಾಳ, ಹೋಳಿಗ್ಯಾಗ!"

ಜಯಮಾಲಾ ಲೋಟ ಕಸಿದುಕೊಂಡಳು. ಕುಡಿದೇಬಿಟ್ಟಳು ಅಂದುಕೊಂಡೆ. ಬಕೆಟ್ಟಿಗೆ ಸುರಿದಳು.

"ಸಣ್ಣವ್ವನ ಹೆಸರ ತಗೀಬ್ಯಾಡ. ನಾನ ಬೆರಳ ಹಾಕ್ಕೋತೇನಿ. ಸಿಂದಗಿಯವ್ರ ಮುಂದ ಕೈ ಮುಗದು, 'ಮದಿವ್ಯಾಗೂದ್ರಾಗ ಮೈ ಇಳಸ್ತೇವ್ರಿ' ಅಂದಾಕಿ ಯಾರು? ನೀ ಅಲ್ಲೇನು?"

ಮಾಳಿಂಗಪ್ಪ ತಲೆಯಾಡಿಸಿದ. "ನೋಡ್ರಿ, ಮದ್ದ ಮಾತಾಡ್ಸಾಕತ್ತೈತಿ."

"ನೀ ಬಾಯಿ ಮುಚ್ಚ," ಅಂದಳು ಅವ್ವ. ಆಮೇಲೆ ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ, "ವಿಜಾಪುರದ ಬಸ್ಸು ಯಾವಾಗೈತಿ ಕೇಳಿ ಬಾ."

"ನೀನ ಕೇಳ ಹೋಗು," ಅಂದೆ. ಅಂದವನೇ ಬಸ್‌ಸ್ಟ್ಯಾಂಡಿಗೆ ಬೈಕ್ ತಿರುಗಿಸಿದೆ.