ಚಡ್ಡಿಯ ಗುರುತು

ಬ್ಯಾಸ್ಕೆಟ್‌ಬಾಲ್ ಎಂಬ ಆಟದ ಬಗ್ಗೆ ನನಗೆ ಗೌರವ ಹುಟ್ಟಲೇ ಇಲ್ಲ. ತಳವಿಲ್ಲದ ಬುಟ್ಟಿಯೊಂದನ್ನು ಕೈಗೆಟುಕದ ಎತ್ತರಕ್ಕೆ ಕಟ್ಟಿ, ಬೆಳೆದು ನಿಂತ ಹತ್ತು ಹುಡುಗಿಯರು ಅದರೊಳಗೆ ಚೆಂಡು ಹಾಕಲು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಾಕಿದ ಚೆಂಡು ಕೆಳಗೆ ಬೀಳುತ್ತದೆ. ತಳವಿಲ್ಲ ಅಂದ ಮೇಲೆ ಬೀಳದೆ ಏನು ಮಾಡೀತು? ನಾನು ತಳವಿಲ್ಲದ ಜೇಬು ಹೊಲಿದರೆ ನಮ್ಮ ಯಜಮಾನ ಅಂದೇ ನನ್ನನ್ನು ಬೀದಿಗೆ ಹಾಕುತ್ತಿದ್ದ. ಅಲ್ಲಿ ನೋಡಿದರೆ ಚಪ್ಪಾಳೆ.

ಆದರೂ ಈ ಐದು ತಿಂಗಳಲ್ಲಿ ನಾನು ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ಮಗಳ ಮಗಳು ಆಡುತ್ತಾಳೆ. ಅವಳಿರುವುದು ಊರಿನಲ್ಲಿ. ನಾನಿರುವುದು ಪರದೇಶದಲ್ಲಿ, ಒಂದು ಬಟ್ಟೆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಬದಲಾಯಿಸುವುದು, ತಿಂದು ದಪ್ಪಗಾದವರ ಸೊಂಟ ಬಿಡಿಸುವುದು, ಹಟ ಹಿಡಿದು ತೆಳ್ಳಗಾದವರ ಸೊಂಟ ಹಿಡಿಯುವುದು, ಹಿಡಿದದ್ದನ್ನು ಆರು ತಿಂಗಳಿಗೆ ಮತ್ತೆ ಬಿಡಿಸುವುದು ನನ್ನ ಕೆಲಸ. ಜೊತೆಗೆ ಇಸ್ತ್ರಿ ಮಾಡುವವಳೊಬ್ಬಳಿದ್ದಾಳೆ. ನಮ್ಮ ಕಡೆಯವಳೇ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಇಸ್ತ್ರಿಯಮ್ಮ ಎಂದರೆ ಓಗೊಡುತ್ತಾಳೆ. ಯಜಮಾನ ಮುಂದಿನ ಕೋಣೆಯಲ್ಲಿ ಕೂರುತ್ತಾನೆ. ಗಿರಾಕಿಗಳ ಜೊತೆ ಅವನ ಸ್ವರ ರೇಷ್ಮೆ, ನಮ್ಮ ಜೊತೆ ಗೋಣಿತಾಟು.

ಮೊದಲ ಪಂದ್ಯದ ಹಿಂದಿನ ದಿನ ತೆರೆದು ನೋಡಿದರೆ ಫೋನು, 'ಈ ಪ್ರಸಾರ ನೀವಿರುವ ದೇಶದಲ್ಲಿ ಲಭ್ಯವಿಲ್ಲ' ಎಂದು ಬಾಗಿಲು ಹಾಕಿತು.

"ಯಾಕಂತೆ?" ಎಂದೆ.

"ನೀವು ಹೊರದೇಶದಲ್ಲಿ ಇದೀರಲ್ಲ ಅಕ್ಕಾ, ಅದಕ್ಕೆ" ಎಂದಳು ಇಸ್ತ್ರಿಯಮ್ಮ.

"ಹೊರಗಿದೀನಿ ಅಂತಾನೇ ತಾನೆ ಫೋನಲ್ಲಿ ನೋಡೋದು! ಊರಲ್ಲಿದ್ದಿದ್ರೆ ಹೋಗಿ ಮುಂದಿನ ಸಾಲಲ್ಲೇ ಕೂರ್ತಿರ್ಲಿಲ್ವಾ?"

"ನನ್ನ ಹತ್ರ ಯಾಕೆ ಕೂಗಾಡ್ತೀರಿ, ಫೋನಿಗೆ ಹೇಳಿ."

ಮರುದಿನ ಅವಳೇ ತನ್ನ ಫೋನಿಗೆ ಏನನ್ನೋ ಇಳಿಸಿಕೊಂಡು ಬಂದಳು. ವಿಪಿಎನ್ ಅಂತ ಹೆಸರು. ನಾವು ಊರಿನಲ್ಲೇ ಕೂತಿದ್ದೇವೆ ಎಂದು ಅದು ನಮ್ಮ ಪರವಾಗಿ ಸುಳ್ಳು ಹೇಳುತ್ತದಂತೆ. ಮುಂದಿನ ವರ್ಷ ಕಾಯಂ ಆಗಿ ಬಂದೇ ಬಿಡ್ತೀನಿ ಎಂದು ನಾನು ಊರಿಗೆ ವರ್ಷಾನುಗಟ್ಟಲೆ ಹೇಳಿದ ಸುಳ್ಳುಗಳಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಚಿತ್ರ ಬಂತು.

ಅಲ್ಲಿ ಸಂಜೆ ಆಟ ಶುರುವಾದರೆ ಇಲ್ಲಿ ಬೆಳಗಿನ ಹನ್ನೊಂದು ಗಂಟೆ, ಕೆಲಸದ ಹೊತ್ತು. ಆದ್ದರಿಂದ ಅಳತೆ ಗೊಂಬೆಯ ಎದೆಗೆ ಫೋನನ್ನು ಬಟ್ಟೆಪಟ್ಟಿಯಿಂದ ಕಟ್ಟಿ, ಮೇಲೆ ಒಂದು ಕೋಟು ತೊಡಿಸಿ, ಗುಂಡಿ ಬಿಚ್ಚಿ ನೋಡುತ್ತಿದ್ದೆವು. ಯಜಮಾನ ಬಂದರೆ ಗುಂಡಿ ಹಾಕುತ್ತಿದ್ದೆವು. ತಲೆಯಿಲ್ಲದ ಗೊಂಬೆಯ ಎದೆಯನ್ನು ಇಬ್ಬರು ಹೆಂಗಸರು ಬಾಯಿಬಿಟ್ಟುಕೊಂಡು ನೋಡುವುದನ್ನು ಅವನು ಒಂದೆರಡು ಸಲ ಕಂಡ. ಕೋಟಿನ ಕೆಲಸದಲ್ಲಿ ನಮಗೆ ಅಷ್ಟು ಶ್ರದ್ಧೆ ಎಂದುಕೊಂಡಿರಬೇಕು.

ತೊಂದರೆ ಕೊಟ್ಟವಳು ನನ್ನ ಬೀಗಿತ್ತಿ, ಅಂದರೆ ಹುಡುಗಿಯ ಅಪ್ಪನ ತಾಯಿ. ಅವಳು ಊರಿನಲ್ಲೇ ಇದ್ದಾಳೆ. ಪ್ರತಿ ಪಂದ್ಯಕ್ಕೂ ಮೆತ್ತೆ ಹಿಡಿದು ಹೋಗಿ ಕೂರುತ್ತಾಳೆ. ಅಲ್ಲಿ ನಡೆದದ್ದು ನಮ್ಮ ಗೊಂಬೆಯ ಎದೆಯನ್ನು ಮುಟ್ಟುವುದಕ್ಕೆ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಬೀಗಿತ್ತಿಯ ಫೋನಿಗೆ ಒಂದೇ ಸೆಕೆಂಡು. ನಮ್ಮ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವಳು, "ಬಿತ್ತು ಬೀಗ್ರೇ!" ಎಂದು ಕಿವಿಯಲ್ಲಿ ಕೂಗುತ್ತಿದ್ದಳು. ನಿಶ್ಚಿತಾರ್ಥದ ದಿನದಿಂದಲೂ ಆ ಹೆಂಗಸು ನನಗಿಂತ ಒಂದು ಹೆಜ್ಜೆ ಮುಂದೆ. ಅದನ್ನು ಸೆಕೆಂಡಿನ ಲೆಕ್ಕದಲ್ಲಿ ತೋರಿಸಿಕೊಟ್ಟದ್ದು ಮಾತ್ರ ಈ ಆಟ.

ಇನ್ನು ಚಡ್ಡಿಯ ವಿಷಯ. ಹಿಂದಿನ ವರ್ಷ ರಜೆಗೆ ಹೋದಾಗ ಮೊಮ್ಮಗಳು ತಂಡದ ಚಡ್ಡಿ ತಂದು ನನ್ನ ಮುಂದೆ ಹಾಕಿದಳು. ನೀಲಿ ಬಣ್ಣದ ಚೀಲ. ಒಳಗೆ ಇಬ್ಬರು ಹಿಡಿಸುತ್ತಿದ್ದರು. ನಾನು ಸೊಂಟ ಹಿಡಿದು, ಎರಡೂ ಬದಿಗೆ ನಾಲ್ಕು ಬೆರಳಿನಷ್ಟು ಸೀಳು ಬಿಟ್ಟು, ಸೀಳಿನ ಒಳಗೆ ಬಿಳಿ ಪಟ್ಟಿ ಕೊಟ್ಟು ಹೊಲಿದೆ. ನಿಂತಾಗ ಏನೂ ಕಾಣದು. ಓಡಿದರೆ ತೊಡೆಯ ಪಕ್ಕ ಬಿಳಿ ಮಿಂಚುತ್ತದೆ. ಫೋನಿನ ಚಿತ್ರ ಅಂಗೈಯಗಲ, ಮುಖಗಳು ಸಾಸಿವೆ ಕಾಳು, ಬೆನ್ನಿನ ನಂಬರು ಮೂರೋ ಎಂಟೋ ದೇವರೇ ಹೇಳಬೇಕು. ಆದರೆ ನನ್ನ ಕೈಯ ಕೆಲಸ ನನಗೆ ಗೊತ್ತಾಗದೆ ಇರುತ್ತದೆಯೇ? ಬಿಳಿ ಮಿಂಚಿದಲ್ಲೆಲ್ಲ ಕೂಗಿದೆ. ಅವಳು ಚೆಂಡು ಕಸಿದಾಗ ಕೂಗಿದೆ, ಹಾರಿದಾಗ ಕೂಗಿದೆ. ಪಂದ್ಯ ಮುಗಿದ ಮೇಲೆ ಫೋನು ಮಾಡಿ, "ಏನು ಆಡಿದ್ಯೇ! ಆ ದಪ್ಪ ಹುಡುಗಿ ಕೈಯಿಂದ ಎಷ್ಟು ಚೆನ್ನಾಗಿ ಕಿತ್ಕೊಂಡೆ!" ಎಂದು ಹೊಗಳಿದೆ. ಅವಳು "ಹೂಂ ಅಜ್ಜಿ" ಎನ್ನುತ್ತಿದ್ದಳು. ದಣಿದಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಏಳನೇ ಪಂದ್ಯದ ಮೇಲೆ ಅವಳು ಹೂಂ ಎನ್ನಲಿಲ್ಲ.

"ಅಜ್ಜಿ, ಇವತ್ತು ನಾನು ಏನೇನು ಮಾಡ್ದೆ ಹೇಳು."

"ಇಪ್ಪತ್ತೆರಡು ಪಾಯಿಂಟು ಹೊಡೆದೆಯಲ್ಲೇ! ನಾನು ಎಣಿಸಿದೀನಿ."

"ನಾನು ಬೆಂಚ್ ಮೇಲೆ ಕೂತಿದ್ದೆ."

"ಯಾವಾಗ?"

"ಶುರುವಿಂದ ಕೊನೇವರೆಗೂ. ಏಳು ಪಂದ್ಯದಲ್ಲೂ."

ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ ಸೂಂ ಎಂದು ಆವಿ ಬಿಟ್ಟಿತು.

"ಆ ಚಡ್ಡಿ ಈಗ ನಮ್ಮ ಕ್ಯಾಪ್ಟನ್ ಹಾಕ್ಕೊಳ್ತಾಳೆ" ಎಂದಳು. "ಅವಳಿಗೆ ಇಷ್ಟ ಆಯ್ತು, ಕೊಟ್ಟೆ. ಕೂತಿರೋಳಿಗೆ ಸೀಳಿರೋ ಚಡ್ಡಿ ಯಾಕೆ? ನೀನು ಇಷ್ಟು ದಿನ ನೋಡಿದ್ದು ನನ್ನನ್ನಲ್ಲ ಅಜ್ಜಿ, ನಿನ್ನ ಹೊಲಿಗೇನ."

"ಮತ್ತೆ ನಿನ್ನ ಅಪ್ಪನ ಅಮ್ಮ ಅಲ್ಲೇ ಕೂತು 'ಬಿತ್ತು ಬಿತ್ತು' ಅಂತಿದ್ಲಲ್ಲೇ!"

"ಅವರು ಯಾರು ಹಾಕಿದ್ರೂ ಹಾಗೇ ಕೂಗ್ತಾರೆ. ಎದುರು ತಂಡದವರು ಹಾಕಿದ್ರೂ ಕೂಗ್ತಾರೆ. ಆಮೇಲೆ ನನಗೆ ಬಂದು ಚೆನ್ನಾಗಿ ಆಡ್ದೆ ಅಂತಾರೆ. ಅಮ್ಮಾನೂ ಅದೇ, ಅಪ್ಪಾನೂ ಅದೇ. ಕೂತಿದ್ದಕ್ಕೆ ಯಾರಾದ್ರೂ ಚೆನ್ನಾಗಿ ಕೂತೆ ಅಂತಾರಾ?"

ನಗು ಬಂತು, ನುಂಗಿಕೊಂಡೆ. ಅವಳು ನಗುತ್ತಿರಲಿಲ್ಲ.

"ಮುಂದಿನ ಶನಿವಾರ ಕೊನೇ ಪಂದ್ಯ. ಒಬ್ಬಳ ಕಾಲು ಉಳುಕಿದೆ, ನನ್ನನ್ನ ಇಳಿಸ್ತಾರಂತೆ. ಮಾಮೂಲಿ ಚಡ್ಡಿ ಹಾಕ್ಕೊಂಡಿರ್ತೀನಿ. ಪಂದ್ಯ ಆದ್ಮೇಲೆ ನಾನೇ ಮಾಡ್ತೀನಿ ಫೋನು. ನಾನು ಮಾಡಿದ್ದು ಒಂದೇ ಒಂದು ಹೇಳು, ಸಾಕು. ನಿನ್ನ ಕಣ್ಣಾರೆ ಕಂಡಿದ್ದು. ಕಾಣದಿದ್ರೆ ಕಾಣ್ಲಿಲ್ಲ ಅನ್ನು, ಬೇಜಾರಿಲ್ಲ. ಕಂಡೆ ಅಂತ ಮತ್ತೆ ಸುಳ್ಳು ಹೇಳಿದ್ರೆ ಮಾತ್ರ, ಇನ್ಮೇಲೆ ಆಟದ ಸುದ್ದಿ ನಿನ್ನ ಹತ್ರ ಎತ್ತೋದೇ ಇಲ್ಲ."

ಹದಿನೇಳು ವರ್ಷದ ಹುಡುಗಿ ಅಜ್ಜಿಯ ಹತ್ತಿರ ಮಾತಾಡುವುದೇ ಆ ಒಂದು ಸುದ್ದಿ. ಅದನ್ನು ತೆಗೆದರೆ ಉಳಿಯುವುದು ಊಟ ಆಯ್ತಾ, ಆಯ್ತು, ಅಷ್ಟೇ.

ಶನಿವಾರ ಹತ್ತೂವರೆಗೇ ಗೊಂಬೆಗೆ ಕೋಟು ತೊಡಿಸಿದೆ. ಬೀಗಿತ್ತಿಗೆ ಹಿಂದಿನ ದಿನವೇ ಕೈಮುಗಿದು ಹೇಳಿದ್ದೆ: "ನಾಳೆ ಒಂದಿನ ಫೋನು ಮಾಡಬೇಡಿ ಬೀಗ್ರೇ, ನಾನೇ ನೋಡ್ಕೋತೀನಿ." ಅವಳು, "ಅಯ್ಯೋ, ನಾನ್ಯಾಕೆ ಮಾಡ್ಲಿ? ನನಗೇನು ಕೆಲಸ ಇಲ್ವಾ?" ಎಂದಿದ್ದಳು. ಆಗಲೇ ನನಗೆ ಭಯವಾಗಿತ್ತು.

ಮೊದಲ ಅರ್ಧದಲ್ಲಿ ಮೊಮ್ಮಗಳು ಇಳಿಯಲಿಲ್ಲ. ಬಿಳಿ ಪಟ್ಟಿಯ ಕ್ಯಾಪ್ಟನ್ ಓಡಿದಳು. ಅಭ್ಯಾಸಕ್ಕೆ ನನ್ನ ಗಂಟಲು ಅವಳ ಕಡೆಗೇ ಹೋಗುತ್ತಿತ್ತು, ಹಿಡಿದು ನಿಲ್ಲಿಸಿದೆ. ಮೂರನೇ ಭಾಗದಲ್ಲಿ ಯಾರನ್ನೋ ಬದಲಾಯಿಸಿದರು. ಈಗ ಮಾಮೂಲಿ ಚಡ್ಡಿಯವರು ನಾಲ್ವರು. ಎಲ್ಲರೂ ಒಂದೇ ಎತ್ತರ, ಒಂದೇ ಜಡೆ, ಒಂದೇ ನೀಲಿ ಚೀಲ.

"ಇವಳಲ್ವಾ?" ಎಂದಳು ಇಸ್ತ್ರಿಯಮ್ಮ.

"ಅವಳ ಕಾಲು ಒಳಗೆ ಬಾಗಿದೆ. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ."

"ಹಾಗಾದ್ರೆ ಆ ಮೂಲೇಲಿ ನಿಂತಿರೋಳು?"

"ಅವಳು ಕೆಲಸ ಇಲ್ಲದೆ ನಿಂತಿದಾಳೆ. ಅಪ್ಪನ ಕಡೆ ರಕ್ತ ಇದ್ರೂ ಇರಬಹುದು, ತಡಿ."

ಹೀಗೆ ಹುಡುಕುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ಯಾರ ತಲೆ ಯಾರ ಕುತ್ತಿಗೆಯ ಮೇಲೆ ಎನ್ನುವುದೇ ತಿಳಿಯದಾಯಿತು. ನಡುವೆ ಒಂದು ಚಕ್ರ ತಿರುಗಿತು. ಇಸ್ತ್ರಿಯಮ್ಮ ವಿಪಿಎನ್‌ನ ಸುಳ್ಳನ್ನು ಆರಿಸಿ ಮತ್ತೆ ಹಚ್ಚಿದಳು. ಫೋನು ಮತ್ತೆ ಬಾಗಿಲು ಹಾಕಿತು. ಮತ್ತೆ ಹಚ್ಚಿದಳು. ಅಷ್ಟರಲ್ಲಿ ಯಜಮಾನ ಬಂದು, ಬೂದು ಬಣ್ಣದ ಪ್ಯಾಂಟು ಎಲ್ಲಿ, ಗಿರಾಕಿ ಒಳಚಡ್ಡಿಯಲ್ಲಿ ನಿಂತಿದ್ದಾರೆ, ಎಂದ.

"ಹತ್ತು ನಿಮಿಷ" ಎಂದೆ.

"ಹತ್ತು ನಿಮಿಷ ಹಾಗೇ ನಿಲ್ಲೋಕಾಗುತ್ತಾ?"

"ಬಾಗಿಲು ಹಾಕಿದ್ರೆ ಚಳಿ ಆಗಲ್ಲ ಬಿಡಿ."

ಅವನು ಹೋದ. ಚಿತ್ರ ಬಂತು. ಅಷ್ಟರಲ್ಲಿ ಕೊನೆಯ ಭಾಗವೂ ಮುಗಿಯುತ್ತಾ ಬಂದು ಹನ್ನೆರಡು ಸೆಕೆಂಡಿನ ಆಟ ಉಳಿದಿತ್ತು, ನಮ್ಮವರು ಒಂದು ಪಾಯಿಂಟು ಹಿಂದೆ. ಒಬ್ಬಳು ಹುಡುಗಿ ನೆಲದ ಮೇಲೆ ಬಿದ್ದಿದ್ದಳು. ಎದುರು ತಂಡದವಳು ತಳ್ಳಿದ್ದಳಂತೆ. ಬಿದ್ದವಳಿಗೆ ಗೆರೆಯ ಹತ್ತಿರ ನಿಂತು ಎರಡು ಸಲ ಎಸೆಯಲು ಬಿಡುತ್ತಾರೆ, ಯಾರೂ ಅಡ್ಡ ಬರುವ ಹಾಗಿಲ್ಲ. ಮಾಮೂಲಿ ಚಡ್ಡಿ. ಎದ್ದು ನಿಂತು ಮೊಣಕಾಲು ಒರೆಸಿಕೊಂಡಳು. ಇವಳೇನಾ? ಕುತ್ತಿಗೆ ನನ್ನ ಮಗಳದ್ದು ಅನ್ನಿಸಿತು. ಅನ್ನಿಸಿತು ಅಷ್ಟೇ. ಅನ್ನಿಸಿದ್ದಕ್ಕೇ ಏಳು ಪಂದ್ಯ ಮೋಸ ಹೋದವಳು ನಾನು.

ಆಗ ನನ್ನ ಫೋನು ಬಡಿದುಕೊಂಡಿತು. ನಾನು ಮುಟ್ಟಲಿಲ್ಲ. ಇಸ್ತ್ರಿಯಮ್ಮ ಅಭ್ಯಾಸಬಲದಿಂದ ಎತ್ತಿ ಸ್ಪೀಕರ್ ಒತ್ತಿಬಿಟ್ಟಳು.

"ಹೋಯ್ತು ಬೀಗ್ರೇ!" ಬೀಗಿತ್ತಿ ಅಳುತ್ತಿದ್ದಳು. "ನಮ್ಮ ಹುಡುಗಿ ಎರಡೂ ಹಾಳು ಮಾಡಿದ್ಲು! ಎರಡೂ ಆಚೆ! ಎಲ್ಲ ಮುಗೀತು!"

ಇಸ್ತ್ರಿಯಮ್ಮ ನಾಲಿಗೆ ಕಚ್ಚಿಕೊಂಡು ಫೋನು ಆರಿಸಿದಳು.

ಹಾಗಾದರೆ ಗೆರೆಯ ಹತ್ತಿರ ನಿಂತವಳು ಇವಳೇ. ಯಾರೋ ಹೇಳಿ ನನಗೆ ಗೊತ್ತಾಯಿತು, ನಾನು ಕಂಡದ್ದಲ್ಲ. ಅಲ್ಲಿ ಮುಗಿದುಹೋಗಿತ್ತು. ಗೊಂಬೆಯ ಎದೆಯಲ್ಲಿ ಅವಳು ಇನ್ನೂ ಚೆಂಡನ್ನು ನೆಲಕ್ಕೆ ತಟ್ಟುತ್ತಿದ್ದಳು, ಒಂದು, ಎರಡು, ಮೂರು. ಇಲ್ಲಿ ಅವಳು ಇನ್ನೂ ಗೆಲ್ಲಬಹುದಾದವಳು. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. 'ತಡಿ ಕಣೇ, ಇನ್ನೂ ಸ್ವಲ್ಪ ತಟ್ಟು, ಬೇಗ ಎಸೀಬೇಡ' ಎಂದು ಗೊಂಬೆಗೆ ಹೇಳಿದೆ. ಗೆಲ್ಲಲಿ ಅಂತಲ್ಲ. ಇರುವಷ್ಟು ಹೊತ್ತು ಇರಲಿ ಅಂತ.

ಅವಳು ಎಸೆದಳು. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಆಚೆ ಹೋಯಿತು. ಇನ್ನೊಂದು ಎಸೆದಳು. ಅದು ಅಂಚಿನ ಮೇಲೇರಿ ಒಂದು ಸುತ್ತು ಹೋಯಿತು, ಒಳಗಿಳಿಯುವ ಹಾಗೆ ವಾಲಿತು, ಹೊರಗೆ ಬಿತ್ತು. ಆಗ ಕ್ಯಾಮೆರಾದವನು ಅವಳ ಮುಖವನ್ನು ಹತ್ತಿರಕ್ಕೆ ತಂದ. ಚೌಕಗಳು ಒಂದು ಕ್ಷಣ ಕೂಡಿಕೊಂಡವು. ತುಟಿ ಮುಚ್ಚಿತು, ಮುಂದಕ್ಕೆ ಚಾಚಿತು, ತೆರೆಯಿತು. ಮತ್ತೆ ಎಲ್ಲ ಒಡೆದುಹೋಯಿತು.

ನಾನು ಬೂದು ಪ್ಯಾಂಟನ್ನು ಎತ್ತಿಕೊಂಡೆ.

ಮಧ್ಯಾಹ್ನ ಎರಡಾಯಿತು, ಮೂರಾಯಿತು. ಮಗಳಿಗೆ ಫೋನು ಮಾಡಿದರೆ, "ಕೋಣೆ ಬಾಗಿಲು ಹಾಕ್ಕೊಂಡಿದಾಳೆ ಅಮ್ಮಾ, ಎಲ್ಲರೂ ಚೆನ್ನಾಗೇ ಆಡ್ದೆ ಅಂತ ಹೇಳಿದ್ವಿ, ಅದಕ್ಕೇ ಇನ್ನೂ ಸಿಟ್ಟು" ಎಂದಳು. ಕಾಯುವುದು ನನಗೆ ಹೊಸದಲ್ಲ. ಮೂರು ಜಿಪ್ಪು ಬದಲಾಯಿಸಿದೆ. ನಾಲ್ಕನೆಯದರ ನಡುವೆ ಫೋನು ಬಂತು.

"ಹೇಳು" ಎಂದಳು. ಮೂಗು ಕಟ್ಟಿದ ಸ್ವರ. "ಎರಡೂ ಮಿಸ್ ಆಯ್ತು ಅನ್ನೋದು ಲೆಕ್ಕಕ್ಕಿಲ್ಲ. ಅದನ್ನ ಅವರು ನಿನಗೆ ಆಗಲೇ ಹೇಳಿರ್ತಾರೆ."

"ಹೇಳಿದ್ರು. ಆದ್ರೆ ಅವರು ನೋಡ್ದೆ ಇರೋದು ನಾನೊಂದು ನೋಡ್ದೆ."

"ಏನು?"

"ಎರಡನೇದು ಹೊರಗೆ ಬಿದ್ದಾಗ ನೀನು ಆ ಚೆಂಡಿಗೆ 'ಮುಂಡೇದೇ' ಅಂದೆ."

ಪಕ್ಕದಲ್ಲಿ ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತಿದ್ದಳು.

"ಅಜ್ಜಿ" ಎಂದಳು ಮೊಮ್ಮಗಳು. "ಅದು ಬಾಯಲ್ಲೇ ಅಂದಿದ್ದು. ಪಕ್ಕದಲ್ಲಿ ನಿಂತಿದ್ದ ರೆಫರಿಗೂ ಕೇಳಿಸಿಲ್ಲ."

"ನನಗೂ ಕೇಳಿಸ್ಲಿಲ್ಲ. ಕಾಣಿಸ್ತು. ನಿನ್ನ ವಯಸ್ಸಿನವರು ಯಾರೇ ಈಗ ಆ ಮಾತು ಆಡ್ತಾರೆ? ಸೂಜಿಗೆ ನೂಲು ಹೋಗದಿದ್ದಾಗ ನಾನು ಅನ್ನೋದು ಅದೇ. ನಾನು ರಜೆಗೆ ಬಂದಾಗೆಲ್ಲ ನನ್ನ ಹತ್ರ ಕೂತು ಇದನ್ನೇ ಕಲಿತೆಯೇನು, ಹೊಲಿಗೆ ಕಲಿ ಅಂದ್ರೆ?"

ಅವಳು ಮೂಗೆಳೆದಳು. ಅದು ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಅಮ್ಮಂಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ನಿನಗೆ ಆ ಮಾತು ಯಾರು ಕಲಿಸಿದ್ರು ಅಂತ ಅವಳು ನನ್ನನ್ನೇ ಕೇಳ್ತಾಳೆ."

"ಅಲ್ಲಾ ಅಜ್ಜಿ, ಅದು ಒಳಗೇ ಹೋಗ್ಬೇಕಿತ್ತು. ಸುತ್ತು ಬಂತಲ್ಲ, ನೋಡ್ದೆ ತಾನೆ? ಅದು ಯಾಕೆ ಹೊರಗೆ ಬಂತು ಗೊತ್ತಾ? ನನ್ನ ಮಣಿಕಟ್ಟು..."

ಯಜಮಾನ ಬಾಗಿಲಲ್ಲಿ ತಲೆ ಹಾಕಿ ಏನೋ ಹೇಳಿದ. ಕೈ ತೋರಿಸಿ ಅವನನ್ನು ಸುಮ್ಮನಿರಿಸಿದೆ. ಮಣಿಕಟ್ಟನ್ನು ಹೇಗೆ ಬಗ್ಗಿಸಬೇಕು, ಹೇಗೆ ಬಗ್ಗಿತು, ಮೊದಲನೆಯದು ಯಾಕೆ ತಪ್ಪಿತು ಎಂದು ಅವಳು ಹೇಳುತ್ತಾ ಹೋದಳು. ನನಗೆ ಅರ್ಧ ಅರ್ಥವಾಗಲಿಲ್ಲ. ಜಿಪ್ಪನ್ನು ಮೇಜಿನ ಮೇಲಿಟ್ಟು, ಮಧ್ಯೆ ಮಧ್ಯೆ "ಹೂಂ" ಎನ್ನುತ್ತಾ ಕೇಳಿದೆ.