ಕಂಬಾರನ ಹೆಬ್ಬೆರಳಿನಲ್ಲಿ ನನ್ನ ಒಂದೂವರೆ ದಿನ

ನನ್ನನ್ನು ನೀವು ಕಂಡಿಲ್ಲ, ಕಾಣುವುದೂ ಇಲ್ಲ. ಕಂಬಾರ ಮೌನೇಶಪ್ಪನ ಬಲಗೈ ಹೆಬ್ಬೆರಳಿನ ಚರ್ಮದಲ್ಲಿ ಒಂದು ಜೀವಕೋಶವಿದೆ. ಅದರ ಹೊದಿಕೆಗೆ ನಾಟಿಕೊಂಡ ಗ್ರಾಹಿ ನಾನು, ಸುದ್ದಿ ಹಿಡಿಯುವ ಒಂದು ಪ್ರೋಟೀನು. ಅರ್ಧ ಮೈ ಹೊರಗೆ, ಅರ್ಧ ಒಳಗೆ. ಹೊರಗಿನ ಅರ್ಧ ಸುದ್ದಿ ಹಿಡಿಯುತ್ತದೆ. ಒಳಗಿನ ಅರ್ಧ ಕಿಣ್ವ. 'ಎದ್ದೇಳು, ಮುಂದೆ ಸರಿ, ಗಾಯ ಮುಚ್ಚು' ಎಂದು ಕೋಶಕ್ಕೆ ಹುಕುಂ ಕೊಡುವುದು ಅದರ ಕೆಲಸ. ಆ ಕಿಣ್ವದ ಬಾಯಲ್ಲೇ ಗಂಧಕದ ಒಂದು ಪರಮಾಣು ಇದೆ. ನನ್ನ ಬದುಕು, ಸಾವು ಎರಡೂ ಅದರ ಮೇಲೆ ನಿಂತಿವೆ.

ಗುರುವಾರ ನಸುಕಿನಲ್ಲಿ ಕೋಶದೊಳಗೆ ಹುಟ್ಟಿದೆ. ಕೋಶದ ಆಳುಗಳು ನನ್ನನ್ನು ಮಣಿ ಪೋಣಿಸಿದಂತೆ ಪೋಣಿಸಿ, ಮಡಚಿ, ಅಂಚಿಗೆ ದೂಡಿದರು. ತಲೆ ಹೊರಗೆ ಹಾಕಿದರೆ ಮುಂದೆ ನೆಲವೇ ಇಲ್ಲ. ಗಾಯ! ಕುಡುಗೋಲು ಮಸೆಯುವಾಗ ಆಗಿ ಹನ್ನೊಂದು ದಿನ ಕಳೆದರೂ ಮುಚ್ಚಿಲ್ಲ. ಸುತ್ತಲಿನ ಗ್ರಾಹಿಗಳು ಸುಟ್ಟ ಮೋಟುಗಳಂತೆ ನಿಂತಿದ್ದವು.

"ಆಮ್ಲಜನಕದ ಪೆಟ್ಟು," ಎಂದಿತು ಇನ್ನೂ ಉಸಿರಿದ್ದ ಒಂದು. "ದಿನಕ್ಕೆ ಮೂರು ಸಲ. ನಿನ್ನ ಪಾಳಿಯೂ ಬರುತ್ತದೆ."

"ಬರಲಿ," ಎಂದೆ.

ಆಮ್ಲಜನಕ ಬಿದ್ದರೆ ಕೆಟ್ಟೆವು ಎಂಬ ಮಾತು ಅರ್ಧ ಸುಳ್ಳು. ಗಾಯವಾದಾಗ ಕೋಶ ತಾನೇ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ, ಕಣ್ಣಿಗೆ ಕಾಣದಷ್ಟು. ಅದು ನನ್ನ ಗಂಧಕಕ್ಕೆ ಒಂದೇ ಒಂದು ಆಮ್ಲಜನಕ ಅಂಟಿಸುತ್ತದೆ. ಆಗ ನನ್ನ ಕೈ ಚುರುಕಾಗುತ್ತದೆ. ನಾನು ಬರೆದ ಹುಕುಂ ಅಳಿಸುತ್ತ ಕೂರುವ ಎದುರಾಳಿ ಕಿಣ್ವವೊಂದಿದೆ. ಅದೇ ಪೆಟ್ಟಿಗೆ ಅದರ ಬಾಯಿ ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಕೋಶ ಆ ಆಮ್ಲಜನಕವನ್ನು ಬಿಡಿಸುತ್ತದೆ. ಆದರೆ ಎರಡು, ಮೂರು ಕೂತವೋ, ಬಿಡಿಸುವವರಿಲ್ಲ. ಅಲ್ಲಿಗೆ ನಾವು ಹೆಣ.

ಮೌನೇಶಪ್ಪ ಅಂಗಡಿಯಿಂದ ಅದೇ ಪೆರಾಕ್ಸೈಡನ್ನು ಬಾಟಲಿಗಟ್ಟಲೆ ತಂದು ಗಾಯದ ಮೇಲೆ ಸುರಿಯುತ್ತಿದ್ದ. ಶುಕ್ರವಾರದೊಳಗೆ ಗಾಯದ ಅಂಚು ಸರಿಯದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಬೇಕು, ಬೆರಳು ತೆಗೆದರೂ ತೆಗೆದಾರು ಎಂದು ಆರೋಗ್ಯ ಕೇಂದ್ರದ ಸಿಸ್ಟರ್ ಎಸ್ತರಮ್ಮ ಹೇಳಿದ್ದಳು. ಹೆಬ್ಬೆರಳಿಲ್ಲದ ಕೈಯಲ್ಲಿ ಸುತ್ತಿಗೆ ನಿಲ್ಲುವುದಿಲ್ಲ.

ಗುರುವಾರ ಹೊತ್ತು ಏರುವಾಗ ಅವನು ಬಾಟಲಿಯ ಮುಚ್ಚಳ ತೆಗೆದ. ಹೆಂಡತಿ ಕಾಳಮ್ಮ ಕುಲುಮೆಯಿಂದ ಎದ್ದು ಬಂದಳು.

"ಮತ್ತ ಸುರೀತೀರಿ? ಕಾಸಿ ಆರಿಸಿದ ನೀರಿನಾಗ ತೊಳ್ದು ಕಟ್ರಿ ಅಂದಾಳ ಸಿಸ್ಟರ. ಇದನ್ನ ಯಾರ ಹೇಳ್ಯಾರ?"

"ನೊರಿ ನೋಡು, ಸುಂಯ್ ಅಂತದ. ಕಾದ ಕುಡಗೋಲು ನೀರಿಗಿಟ್ರ ಸುಂಯ್ ಅಂದಾಗಲೇ ಹದ ಕೂಡೋದು. ನನಗ ಕಲಸ್ತಿ?"

"ಮೊನ್ನಿ ಒಂದು ಕುಡಗೋಲು ಬೆಂಕ್ಯಾಗ ಮರತು ಬಿಟ್ರೆಲ್ಲ, ಅದೂ ಚಿಟಿಚಿಟಿ ಅಂತು. ಹದ ಕೂತಿತ್ತೇನು? ಸುಟ್ಟು ಉದುರಿ ಹೋತು!"

"ಬೆರಳು ನಂದದ."

"ಸುತ್ತಿಗಿ ಹಿಡಿಯೋ ಬೆರಳು ಮನೀದು. ಎದುರಿಗೆ ನಿಂತು ದೊಡ್ಡ ಸುತ್ತಿಗಿ ಬಡಿಯಾಕಿ ನಾನು. ತರ್ರಿ ಇಲ್ಲಿ!"

ಜಗ್ಗಾಟದಲ್ಲಿ ಒಂದು ಹನಿ ಬಿದ್ದೇಬಿಟ್ಟಿತು. ನನ್ನೊಡನೆ ಮಾತಾಡಿದ ಗ್ರಾಹಿ ಅಲ್ಲೇ ಸುಟ್ಟುಹೋಯಿತು. ನಾನು ಕೋಶದ ಮಡಿಕೆಯಲ್ಲಿದ್ದೆ, ಉಳಿದೆ. ಬಾಟಲಿಯಲ್ಲಿದ್ದದ್ದನ್ನು ಕಾಳಮ್ಮ ಗಟಾರಕ್ಕೆ ಚೆಲ್ಲಿ, ಕಾಸಿ ಆರಿಸಿದ ನೀರಿನಿಂದ ಗಾಯ ತೊಳೆದು, ಬಟ್ಟೆ ಕಟ್ಟಿದಳು. ಮೌನೇಶಪ್ಪ ಇಡೀ ದಿನ ಬೈದ. ಅವಳು ಬಿಚ್ಚಲು ಬಿಡಲಿಲ್ಲ.

ಮಧ್ಯಾಹ್ನ ಬೆಳವಣಿಗೆಯ ಸುದ್ದಿ ಹೊತ್ತ ಕಣವೊಂದು ಬಂದು ನನ್ನ ಹೊರಮೈ ಹಿಡಿಯಿತು. ನನ್ನಂತೆ ಉಳಿದ ಇನ್ನೊಂದು ಗ್ರಾಹಿಯ ಭುಜಕ್ಕೆ ಭುಜ ಕೊಟ್ಟೆ; ಜೋಡಿಯಾದರೇ ನಮ್ಮ ಕಿಣ್ವ ಏಳುವುದು. ಕೋಶ ತನ್ನ ಪೆರಾಕ್ಸೈಡ್ ಹರಿಸಿತು. ಆಮ್ಲಜನಕ ಬಂದು ನನ್ನ ಗಂಧಕದ ಮೇಲೆ ಕೂತಿತು. ಒಂದೇ ಒಂದು! ಸಾಯಲಿಲ್ಲ ನಾನು. ತಿದಿ ಒತ್ತಿದ ಕುಲುಮೆಯಂತೆ ಹೊತ್ತಿಕೊಂಡೆ. ಒಂದರ ಮೇಲೊಂದು ಹುಕುಂ ಬರೆದೆ. ಎದುರಾಳಿ ಬಾಯಿ ಕಟ್ಟಿಸಿಕೊಂಡು ಬಿದ್ದಿತ್ತು. ಕೋಶ ನನ್ನನ್ನು ಒಳಗೆ ಎಳೆದುಕೊಂಡು ಮತ್ತೆ ಅಂಚಿಗೆ ಕಳಿಸಿತು, ಮತ್ತೆ ಬರೆದೆ. ಹನ್ನೊಂದು ದಿನ ಕಲ್ಲಾಗಿ ಕೂತಿದ್ದ ಕೋಶ ತೆವಳತೊಡಗಿತು.

ಶುಕ್ರವಾರ ಎಸ್ತರಮ್ಮ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು.

"ಅಂಚು ಸರದದ ನೋಡಪ್ಪ. ನೂಲಿನಷ್ಟ, ಆದ್ರ ಹೊಸ ಚರ್ಮ. ದೊಡ್ಡಾಸ್ಪತ್ರಿಗಿ ಚೀಟಿ ಬರಿಯಂಗಿಲ್ಲ ನಾನು."

"ಸದ್ದಿಲ್ದ ಹೆಂಗ ಬಂತು?" ಎಂದ ಮೌನೇಶಪ್ಪ.

"ದುಡಿಯೋರು ಸದ್ದು ಮಾಡಂಗಿಲ್ಲ," ಎಂದಳು ಕಾಳಮ್ಮ. "ಸದ್ದೆಲ್ಲ ನಿಮ್ದ."

ಅವನು ನಕ್ಕ. ಹೆಬ್ಬೆರಳು ಮಡಚಲು ನೋಡಿದ. ಇಬ್ಬರು ಹೆಂಗಸರೂ ಒಟ್ಟಿಗೆ ಗದರಿದರು.

ಈಗ ಕೋಶ ನನ್ನನ್ನು ಮತ್ತೆ ಒಳಗೆ ಎಳೆದುಕೊಂಡಿದೆ. ಈ ಸಲದ ದಾರಿ, ಕೋಶ ತನ್ನ ಹಳತನ್ನೆಲ್ಲ ಅರೆಯುವ ಚೀಲಕ್ಕೆ. ಅಲ್ಲಿಂದ ಯಾರೂ ಮರಳಿಲ್ಲ. ಒಂದೂವರೆ ದಿನದ ಬಾಳಿಗೆ ಇದೇ ಮುಪ್ಪು. ಕನಿಕರ ಬೇಡ. ನನ್ನನ್ನು ಅರೆಯಬಹುದು, ನಾನು ಬರೆದ ಹುಕುಮನ್ನು ಇನ್ನು ಯಾರೂ ಅಳಿಸಲಾರರು. ಕೋಶ ಆಗಲೇ ನಡೆದುಬಿಟ್ಟಿದೆ. ಅದು ಹಿಡಿದ ನೂಲಿನಷ್ಟು ನೆಲ ಮೌನೇಶಪ್ಪನದು.